ಪತ್ತೇದಾರನಿಗೂ ಒಂದು ಕಪಾಟು ಕೊಡಿ

ಮುಂಬಯಿ ಇರಲಿ, ಪುಣೆ ಇರಲಿ, ಚೆನ್ನೈ, ಹೈದರಾಬಾದ್, ದೆಹಲಿ ಯಾವುದೇ ಇರಲಿ, ನವೆಂಬರ್ ಒಂದನೇ ತಾರೀಖು ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಹಳದಿ-ಕೆಂಪು ಬಾವುಟ ಹಾರುತ್ತದೆ. ಆ ಬಾವುಟವನ್ನು ರೂಪಿಸಿದವರು ಮ. ರಾಮಮೂರ್ತಿ. 1960ರ ದಶಕದಲ್ಲಿ ಬೆಂಗಳೂರಿನಲ್ಲಿ ಕನ್ನಡಕ್ಕಾಗಿ ಬೀದಿಗಿಳಿದವರು, ಕನ್ನಡ ಪಕ್ಷ ಕಟ್ಟಿದವರು, 1967ರಲ್ಲಿ ಬಾವಿಯ ಮಣ್ಣು ಕುಸಿದು ಇಬ್ಬರು ಮಕ್ಕಳ ಜೊತೆ ತೀರಿಕೊಂಡವರು. ಇಷ್ಟನ್ನು ನಮ್ಮ ಅಧ್ಯಕ್ಷರುಗಳು ಭಾಷಣದಲ್ಲಿ ಹೇಳ್ತಾರೆ. ಹೇಳದೆ ಬಿಡುವ ಸಂಗತಿ ಒಂದಿದೆ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರು. ಒಂದೆರಡಲ್ಲ, ರಾಶಿ ರಾಶಿ ಬರೆದವರು.

ಬಾವುಟಕ್ಕೆ ನಮಸ್ಕಾರ, ಪುಸ್ತಕಕ್ಕೆ ರದ್ದಿಯವನ ತಕ್ಕಡಿ. ಇದು ಯಾವ ನ್ಯಾಯ?

ಪ್ರಶ್ನೆ ಸುಮ್ಮನೆ ಕೇಳ್ತಾ ಇಲ್ಲ. ಕೆಲವು ವರ್ಷಗಳ ಹಿಂದೆ ನಾನು ಸದಸ್ಯನಾಗಿದ್ದ ಒಂದು ಕನ್ನಡ ಸಂಘದ ಕಮಿಟಿ ಮೀಟಿಂಗಿನಲ್ಲಿ ಲೈಬ್ರರಿ ವಿಷಯ ಬಂತು. (ಊರು, ಹೆಸರು ಎರಡೂ ಬೇಡ. ಓದಿದವರಿಗೆ ಇದು ತಮ್ಮ ಸಂಘವೇ ಇರಬೇಕು ಅನ್ನಿಸಿದರೆ ನಾನೇನು ಮಾಡಲಿ!) ಕಪಾಟು ಸಾಲದು, ದಾನವಾಗಿ ಬಂದ ಸಮಗ್ರ ಸಂಪುಟಗಳಿಗೆ ಜಾಗ ಬೇಕು, ಆದ್ದರಿಂದ ಪತ್ತೇದಾರಿ ಪುಸ್ತಕಗಳನ್ನೆಲ್ಲ ವಿಲೇವಾರಿ ಮಾಡುವುದು ಅಂತ ಸಲಹೆ. "ರಾಯರೇ, ಸಂಘದ ಲೈಬ್ರರಿ ಅಂದ ಮೇಲೆ ಒಂದು ಘನತೆ ಬೇಡ್ವೆ?" ಅಂದರು ಒಬ್ಬ ಹಿರಿಯರು. ಘನತೆ ಬೇಕು, ಓದುಗರೂ ಬೇಕಲ್ಲ ಸ್ವಾಮಿ ಅಂದೆ. ಲೈಬ್ರರಿ ರಿಜಿಸ್ಟರ್ ತರಿಸಿದೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಪುಸ್ತಕಕ್ಕಿಂತ ಮೊದಲು ಕಣ್ಣಿಗೆ ಬೀಳೋದು ಲೆಡ್ಜರು. ಸಂಪುಟಗಳ ಎದುರು ಕಾಲಂ ಖಾಲಿ, ದಾನ ಬಂದ ದಿನದ ಮೊಹರು ಬಿಟ್ಟರೆ ಬೇರೇನೂ ಇಲ್ಲ. ಟಿ.ಕೆ. ರಾಮರಾಯರ ಪುಸ್ತಕಗಳಲ್ಲಿ ತಾರೀಖು ಹಾಕುವ ಚೀಟಿ ತುಂಬಿ, ಅದರ ಮೇಲೆ ಇನ್ನೊಂದು ಅಂಟಿಸಿ, ಅದೂ ತುಂಬಿತ್ತು. ಓಡುತ್ತಿರುವ ಖಾತೆಯನ್ನು ಮುಚ್ಚಿ, ಮಲಗಿರುವ ಖಾತೆಗೆ ಹೊಸ ಬೀರು ಮಾಡಿಸಿಕೊಡುವ ಮ್ಯಾನೇಜರನ್ನು ನಾನು ನನ್ನ ಸರ್ವಿಸಿನಲ್ಲಿ ಕಂಡಿಲ್ಲ. ಆದರೂ ಠರಾವು ಪಾಸಾಯಿತು. ವಿರೋಧ ಒಂದೇ ವೋಟು, ನನ್ನದು.

ಸಂಪುಟಗಳ ಮೇಲೆ ನನಗೆ ದ್ವೇಷವಿಲ್ಲ. ನಮ್ಮ ಮನೆಯಲ್ಲೂ ಇವೆ. ನನ್ನ ತಕರಾರು ಇರೋದು ಹೊರನಾಡಿನಲ್ಲಿ ಕನ್ನಡ ಓದು ಅಂದ್ರೆ ಏನು ಅನ್ನುವ ಲೆಕ್ಕಾಚಾರದ ಮೇಲೆ. ತಿಪಟೂರಿನಲ್ಲೋ ಹಾವೇರಿಯಲ್ಲೋ ಇರುವ ಹುಡುಗನಿಗೆ ಬಸ್ಸಿನ ಬೋರ್ಡು, ಅಂಗಡಿಯ ಹಲಗೆ, ಮದುವೆ ಕಾರ್ಡು, ಕಷಾಯದ ಪೊಟ್ಟಣ ಎಲ್ಲದರ ಮೇಲೂ ಕನ್ನಡ ಸಿಗುತ್ತೆ. ಅವನು ಪುಸ್ತಕ ಮುಟ್ಟದಿದ್ದರೂ ಅಕ್ಷರ ಮರೆಯೋದಿಲ್ಲ. ಡೊಂಬಿವಲಿಯ ಹುಡುಗಿಗೆ ಅದಿಲ್ಲ. ಅವಳಿಗೆ ಅಜ್ಜಿ ಕಲಿಸಿದ ಕಾಗುಣಿತ ಒಂದೇ ಬಂಡವಾಳ. ಅದನ್ನು ದುಡಿಸದೆ ಇಟ್ಟರೆ ಎರಡು ವರ್ಷದಲ್ಲಿ ಕರಗಿಹೋಗುತ್ತೆ. ಅಂಥ ಮಗುವಿನ ಕೈಗೆ ನಾವು ಏನು ಕೊಡ್ತೀವಿ? ಸ್ಪರ್ಧೆಯ ಬಹುಮಾನ ಅಂತ ಒಂದು ದಪ್ಪ ಪ್ರಬಂಧ ಸಂಕಲನ. ಮಗು ಮೊದಲ ಪುಟದ ಮೂರನೇ ಸಾಲಿನಲ್ಲಿ ಮುಗ್ಗರಿಸುತ್ತೆ. "ಈಗಿನ ಮಕ್ಕಳಿಗೆ ಕನ್ನಡದ ಅಭಿಮಾನವಿಲ್ಲ" ಅಂತ ನಾವು ಷರಾ ಬರೆದು ಫೈಲು ಮುಚ್ಚುತ್ತೇವೆ.

ಸರಣಿಯ ಗುಟ್ಟು ಇಲ್ಲೇ ಇರೋದು. ಪತ್ತೇದಾರಿ ಸರಣಿಯ ಮೊದಲ ಪುಸ್ತಕ ಕಷ್ಟ. ಎರಡನೆಯದಕ್ಕೆ ಬರುವಾಗ ಪತ್ತೇದಾರ ಗೊತ್ತು, ಅವನ ಸಹಾಯಕ ಗೊತ್ತು, ಅವನ ಕೋಣೆ, ಅವನ ಕೋಟು, ಅವನು ಕಾಫಿ ಕುಡಿಯುವ ಸಮಯ ಎಲ್ಲ ಗೊತ್ತು. ಶವ, ಸುಳಿವು, ಸಂಶಯ, ಬೀಗ, ಬೆರಳಚ್ಚು, ಸಾಕ್ಷಿ ಅನ್ನುವ ಶಬ್ದಗಳು ಮತ್ತೆ ಮತ್ತೆ ಬಂದು ನಿಘಂಟಿಲ್ಲದೆ ತಲೆಗೆ ಇಳಿಯುತ್ತವೆ. ಮೂರನೆಯದನ್ನು ಮಗು ಓಡಿಸಿಕೊಂಡು ಓದುತ್ತೆ. ಇದಕ್ಕೂ ಮಿಗಿಲಾದದ್ದು, ಕೊನೆಯ ಪುಟದಲ್ಲಿ ಒಂದು ಉತ್ತರ ಕಾಯ್ತಾ ಇರುತ್ತೆ. ಕಷ್ಟಪಟ್ಟು ಅಕ್ಷರ ಕೂಡಿಸಿದ್ದಕ್ಕೆ ಕೂಲಿ ಅಲ್ಲೇ, ಆಗಲೇ. ಪುಣೆಯಲ್ಲಿರುವ ನನ್ನ ಮಗಳ ಮಗ ಹತ್ತು ವರ್ಷದವನು, ಶಾಲೆಯಲ್ಲಿ ಇಂಗ್ಲಿಷು, ಆಟಕ್ಕೆ ಮರಾಠಿ. ಅವನಿಗೆ ಒಂದು ಹಳೇ ಪತ್ತೇದಾರಿ ಕೊಟ್ಟಿದ್ದೆ, ಇಪ್ಪತ್ತು ದಿನ ತಗೊಂಡ. ಮುಗಿಸಿದ ದಿನ ಅವನು ಕೇಳಿದ್ದು "ಅಜ್ಜಾ, ಇದರ ಮುಂದಿನದು ಎಲ್ಲಿ?" ಯಾವ ಪ್ರಬಂಧ ಸಂಕಲನವೂ ಯಾವ ಮಗುವಿನ ಬಾಯಲ್ಲೂ ಈ ಪ್ರಶ್ನೆ ಹೊರಡಿಸಿದ್ದನ್ನು ನಾನು ಕೇಳಿಲ್ಲ.

ಹಾಗಾದ್ರೆ ಯಾವುದನ್ನು ಓದಬೇಕು? ಶಿಫಾರಸು ಮಾಡದೆ ಬರೀ ಜಗಳ ಆಡಿದರೆ ಪ್ರಯೋಜನವಿಲ್ಲ.

ಮೊದಲು ಎನ್. ನರಸಿಂಹಯ್ಯ. ಓದಿದ್ದು ನಾಲ್ಕನೇ ಕ್ಲಾಸು, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. 2011ರಲ್ಲಿ ತೀರಿಕೊಂಡರು. ಅವರ ಪತ್ತೇದಾರ ಪುರುಷೋತ್ತಮನನ್ನು ಓದಿ ಒಂದಿಡೀ ತಲೆಮಾರು ಓದುವ ಚಟ ಹತ್ತಿಸಿಕೊಂಡಿತು. ನಮ್ಮ ಕಾಲದಲ್ಲಿ ಬಸ್ ಸ್ಟ್ಯಾಂಡ್ ಪಕ್ಕದ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಅವರ ಪುಸ್ತಕಕ್ಕೆ ಸರದಿ ಕಾಯಬೇಕಿತ್ತು. ನಾನು 80ರ ದಶಕದಲ್ಲಿ ಮುಂಬಯಿಗೆ ಬಂದಾಗ ನಮ್ಮ ಬ್ರಾಂಚಿನ ಕೆಳಗಿನ ಉಡುಪಿ ಹೋಟೆಲಿನ ಮಾಣಿಯೊಬ್ಬ ಮಧ್ಯಾಹ್ನದ ಬಿಡುವಿನಲ್ಲಿ ಗೋಣಿಚೀಲದ ಮೇಲೆ ಕೂತು ಓದ್ತಾ ಇದ್ದದ್ದು ನರಸಿಂಹಯ್ಯನವರನ್ನೇ. ಆತ ರಾತ್ರಿ ಶಾಲೆಗೆ ಹೋಗ್ತಿದ್ದ. ನಾಲ್ಕನೇ ಕ್ಲಾಸಿನವರು ಬರೆದದ್ದು ನಾಲ್ಕನೇ ಕ್ಲಾಸಿನವನಿಗೆ ಅರ್ಥವಾಗ್ತಿತ್ತು. ಇದನ್ನು ಕೊರತೆ ಅನ್ನುವವರು ಅನ್ನಲಿ, ನನಗೆ ಇದು ಕಸಬುದಾರಿಕೆ. ಕಥೆಗಳಲ್ಲಿ ಕಾಕತಾಳೀಯ ಜಾಸ್ತಿ, ಖಳನಾಯಕ ಎರಡನೇ ಅಧ್ಯಾಯದಲ್ಲೇ ಮುಖ ತೋರಿಸಿಬಿಡ್ತಾನೆ. ಇರಲಿ. ದೊಡ್ಡವರು ಈಗ ಮೊದಲ ಸಲ ಓದಲು ಕೂತರೆ ನಗು ಬರಬಹುದು. ಮಕ್ಕಳಿಗೆ, ಕನ್ನಡ ಹೊಸದಾಗಿ ಕಲಿತ ಸೊಸೆಯಂದಿರಿಗೆ, ಅಳಿಯಂದಿರಿಗೆ ಇದಕ್ಕಿಂತ ಒಳ್ಳೆ ಏಣಿ ಇಲ್ಲ.

ದೊಡ್ಡವರಿಗೆ ಟಿ.ಕೆ. ರಾಮರಾವ್. 'ಬಂಗಾರದ ಮನುಷ್ಯ' (1972) ಸಿನಿಮಾದ ಮೂಲ ಕಾದಂಬರಿ ಇವರದು ಅಂದರೆ ಎಲ್ಲರೂ ಹೌದಾ ಅಂತಾರೆ. ಇವರ ರಹಸ್ಯ ಕಾದಂಬರಿಗಳನ್ನು ಓದಿದವರಿಗೆ ಗೊತ್ತು, ಮಲೆನಾಡಿನ ಮಳೆ, ಒಂಟಿ ಬಂಗಲೆ, ಮಾತು ಕಡಿಮೆಯಾದ ಮನುಷ್ಯರು, ಎಲ್ಲಕ್ಕೂ ಒಂದು ಗಾಂಭೀರ್ಯವಿದೆ. ಭಾಷೆ ಅಚ್ಚುಕಟ್ಟು.

ಇನ್ನು ಘನತೆ ಬೇಕು ಅನ್ನುವ ಹಿರಿಯರಿಗೆ ಒಂದು ಮಾತು. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ಏನು? ಒಬ್ಬ ಏಲಕ್ಕಿ ವಿಜ್ಞಾನಿಯ ಸಾವು, ಅದನ್ನು ತನಿಖೆ ಮಾಡಲು ಬರುವ ಗುಪ್ತಚರ ಅಧಿಕಾರಿ. 'ಜುಗಾರಿ ಕ್ರಾಸ್' ಏನು? ಪುಟ ಪುಟಕ್ಕೂ ಒಂದು ಗಂಟು. ಕುವೆಂಪು ಅವರ ಮಗನಿಗೆ ಪತ್ತೇದಾರಿಯ ಚೌಕಟ್ಟು ಕೀಳು ಅನ್ನಿಸಲಿಲ್ಲ, ನಮ್ಮ ಲೈಬ್ರರಿ ಉಪಸಮಿತಿಗೆ ಅನ್ನಿಸಿತು. ಆ ಎರಡೂ ಪುಸ್ತಕ ನಮ್ಮಲ್ಲಿ 'ಗಂಭೀರ' ಬೀರುವಿನಲ್ಲೇ ಇದ್ದವು, ಯಾಕೆಂದರೆ ಉಪಸಮಿತಿಯವರು ನೋಡಿದ್ದು ಲೇಖಕರ ಹೆಸರನ್ನು.

ಕನ್ನಡದ ಗಡಿ ದಾಟಿದರೆ ನನ್ನ ಮೊದಲ ಶಿಫಾರಸು ಬ್ಯೋಮಕೇಶ ಬಕ್ಷಿ. 1993ರಲ್ಲಿ ದೂರದರ್ಶನದಲ್ಲಿ ಬಾಸು ಚಟರ್ಜಿಯವರ ಧಾರಾವಾಹಿ ಬರ್ತಿದ್ದಾಗ ರಜಿತ್ ಕಪೂರ್ ಧೋತಿ ಸುತ್ತಿಕೊಂಡು ಬರುವುದನ್ನು ನೋಡಲು ಇಡೀ ಬಿಲ್ಡಿಂಗು ಟಿ.ವಿ. ಮುಂದೆ ಇರುತ್ತಿತ್ತು. ಆದರೆ ಅದನ್ನು ಬರೆದ ಶರದಿಂದು ಬಂದ್ಯೋಪಾಧ್ಯಾಯರ ಕಥೆ ಹೊರನಾಡ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಹುಟ್ಟಿದ್ದು ಉತ್ತರ ಪ್ರದೇಶದ ಜೌನಪುರದಲ್ಲಿ, ಬೆಳೆದದ್ದು ಬಿಹಾರದಲ್ಲಿ. 1938ರಲ್ಲಿ ಬಾಂಬೆ ಟಾಕೀಸಿಗೆ ಚಿತ್ರಕಥೆ ಬರೆಯಲು ಮುಂಬಯಿಗೆ ಬಂದರು, 1952ರಲ್ಲಿ ಪುಣೆಗೆ ಹೋಗಿ ಅಲ್ಲೇ ನೆಲೆಸಿದರು. ಬ್ಯೋಮಕೇಶನ ಮೊದಲ ಕಥೆಗಳು 1932ರಿಂದ ಬಂದವು. ಆಮೇಲೆ ಹದಿನೈದು ವರ್ಷ ಅವನ ಸುದ್ದಿಯಿಲ್ಲ. ಮತ್ತೆ ಶುರು ಮಾಡಿದ್ದು 1950ರ ದಶಕದಲ್ಲಿ, ಅಂದರೆ ನಮ್ಮ ಈ ಪರಊರುಗಳಲ್ಲಿ ಕೂತು. ಪೂರ್ತಿಯಾದ ಮೂವತ್ತೆರಡು ಕಥೆಗಳಲ್ಲಿ ಹೆಚ್ಚಿನವು ಹೀಗೆ ಮಹಾರಾಷ್ಟ್ರದಲ್ಲಿ ಬರೆದ ಬಂಗಾಳಿ ಕಥೆಗಳು. ಯೋಚನೆ ಮಾಡಿ. ಪುಣೆಯ ಒಂದು ಮನೆಯಲ್ಲಿ ಕೂತು ಒಬ್ಬ ಮನುಷ್ಯ ಕೋಲ್ಕತ್ತದ ಹ್ಯಾರಿಸನ್ ರಸ್ತೆಯ ಮಹಡಿ, ಬೆಳಗಿನ ಚಹಾ, ಪೇಪರು, ಸ್ನೇಹಿತ ಅಜಿತನ ಜೊತೆಗಿನ ಹರಟೆ ಎಲ್ಲವನ್ನೂ ತನ್ನ ಭಾಷೆಯಲ್ಲಿ ಕಟ್ಟಿ ನಿಲ್ಲಿಸುತ್ತಾನೆ. ಅಲ್ಲಿನ ಬಂಗಾಳಿಗಳು ಅದನ್ನು ಅಗ್ಗದ ಸರಕು ಅನ್ನಲಿಲ್ಲ. ಸತ್ಯಜಿತ್ ರಾಯ್ 1967ರಲ್ಲಿ 'ಚಿಡಿಯಾಖಾನಾ' ತೆಗೆದದ್ದು ಇದೇ ಬ್ಯೋಮಕೇಶನ ಮೇಲೆ.

ಬ್ಯೋಮಕೇಶನಿಗೆ 'ಡಿಟೆಕ್ಟಿವ್' ಅನ್ನುವ ಮಾತೇ ಆಗದು, ತನ್ನನ್ನು ಸತ್ಯಾನ್ವೇಷಿ ಅಂತ ಕರೆದುಕೊಳ್ತಾನೆ. ಒಂದು ಕೇಸಿನಲ್ಲಿ ಕಂಡ ಸತ್ಯವತಿಯನ್ನು ಮದುವೆಯಾಗ್ತಾನೆ, ಮಗ ಹುಟ್ಟುತ್ತಾನೆ, ವಯಸ್ಸಾಗುತ್ತೆ. ಸರಣಿಯುದ್ದಕ್ಕೂ ಒಂದು ಸಂಸಾರ ಬೆಳೆಯುವುದನ್ನು ನೋಡ್ತೀವಿ. ಷರ್ಲಾಕ್ ಹೋಮ್ಸ್‌ನ ನಾಲ್ಕು ಕಾದಂಬರಿ, ಐವತ್ತಾರು ಕಥೆ ಓದಿದರೂ ಈ ಸುಖ ಸಿಗೋದಿಲ್ಲ. ಬುದ್ಧಿಯಲ್ಲಿ ಹೋಮ್ಸ್ ಒಂದು ಕೈ ಮೇಲಿರಬಹುದು, ಮನುಷ್ಯನಾಗಿ ನನಗೆ ಬ್ಯೋಮಕೇಶನೇ ಸೈ.

ಮಕ್ಕಳಿಗೆ ಸತ್ಯಜಿತ್ ರಾಯ್ ಅವರ ಫೆಲೂದಾ. ತಮ್ಮ ತಾತ ಶುರು ಮಾಡಿದ್ದ 'ಸಂದೇಶ್' ಮಕ್ಕಳ ಪತ್ರಿಕೆಯಲ್ಲಿ 1965ರಲ್ಲಿ ಆರಂಭಿಸಿದರು. 1992ರಲ್ಲಿ ಆಸ್ಕರ್ ಪಡೆದ ಈ ಮನುಷ್ಯನಿಗೆ ಮಕ್ಕಳ ಪತ್ತೇದಾರಿ ಬರೆಯುವುದು ಅವಮಾನ ಅನ್ನಿಸಿರಲಿಲ್ಲ. ಅದರಲ್ಲಿ ಜಟಾಯು ಅನ್ನುವ ಪಾತ್ರ ಬರುತ್ತೆ, ಅವನೇ ಒಬ್ಬ ಅಗ್ಗದ ರೋಚಕ ಕಾದಂಬರಿಕಾರ. ಪುಸ್ತಕದ ತುಂಬ ತಪ್ಪು ಮಾಹಿತಿ, ಫೆಲೂದಾ ತಿದ್ದುತ್ತಾ ಹೋಗ್ತಾನೆ. ರಾಯ್ ಅವನನ್ನು ಗೇಲಿ ಮಾಡ್ತಾರೆ, ಆದರೆ ಬಿಟ್ಟುಕೊಡುವುದಿಲ್ಲ. ನಮ್ಮ ವಿಮರ್ಶಕರು ನರಸಿಂಹಯ್ಯನವರ ವಿಷಯದಲ್ಲಿ ಇಷ್ಟು ಪ್ರೀತಿ ಇಟ್ಟುಕೊಂಡಿದ್ದರೆ ಸಾಕಿತ್ತು.

ಚೆನ್ನೈಯವರಿಗೆ ಬೇರೆ ಲೆಕ್ಕ. ಅಲ್ಲಿ ಟೀ ಅಂಗಡಿಯಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ ಪತ್ತೇದಾರಿ ಪಾಕೆಟ್ ಪುಸ್ತಕಗಳು ನೇತಾಡುವುದನ್ನು ನೋಡಿಯೇ ಇರ್ತೀರಿ. ಅವುಗಳ ಮೇಲೆ ನಿಂತವರು ಸುಜಾತಾ, ಅಂದರೆ ಎಸ್. ರಂಗರಾಜನ್. 2008ರಲ್ಲಿ ತೀರಿಕೊಂಡರು. ಈ ತಮಿಳು ಲೇಖಕ ಕೆಲಸ ಮಾಡಿದ್ದು ಬೆಂಗಳೂರಿನ ಬಿ.ಇ.ಎಲ್.ನಲ್ಲಿ, ಎಲೆಕ್ಟ್ರಾನಿಕ್ ಮತಯಂತ್ರ ಮಾಡಿದ ಎಂಜಿನಿಯರುಗಳಲ್ಲಿ ಒಬ್ಬರು. ಹಗಲು ಕಾರ್ಖಾನೆ, ಮಿಕ್ಕ ಹೊತ್ತು ವಕೀಲರಾದ ಗಣೇಶ್-ವಸಂತ್ ಜೋಡಿಯ ಕೇಸುಗಳು. ಗಣೇಶ್ ಮೊದಲು ಕಾಣಿಸಿಕೊಂಡದ್ದು 1968ರ 'ನೈಲಾನ್ ಕಯಿರು' ಕಾದಂಬರಿಯಲ್ಲಿ. 1978ರ 'ಪ್ರಿಯಾ' ಸಿನಿಮಾದಲ್ಲಿ ರಜನಿಕಾಂತ್ ಮಾಡಿದ್ದು ಇದೇ ಗಣೇಶನ ಪಾತ್ರ, ನಮ್ಮ ಅಂಬರೀಷ್ ಕೂಡ ಇದ್ದ ಆ ಚಿತ್ರ ಕನ್ನಡದಲ್ಲೂ ಬಂತು. ವಸಂತನ ತುಂಟತನ ಕೆಲವು ಕಡೆ ಹದ ಮೀರುತ್ತೆ, ಹೆಣ್ಣುಮಕ್ಕಳ ಬಗ್ಗೆ ಆಡುವ ಮಾತು ಇವತ್ತಿಗೆ ಒಪ್ಪುವಂಥದ್ದಲ್ಲ. ಕಥೆ ಮಾತ್ರ ಎಲ್ಲೂ ನಿಲ್ಲೋದಿಲ್ಲ.

ಶರದಿಂದು, ಸುಜಾತಾ ಇಬ್ಬರೂ ಪರಊರಿನಲ್ಲಿ ಕೂತು ತಮ್ಮ ಭಾಷೆಗೆ ಒಬ್ಬೊಬ್ಬ ಪತ್ತೇದಾರನನ್ನು ಕೊಟ್ಟರು. ನಮ್ಮಲ್ಲಿ? ಮುಂಬಯಿಯ ಕನ್ನಡ ಲೇಖಕರು ಕಥೆ, ಕಾದಂಬರಿ, ವಿಮರ್ಶೆ ಎಲ್ಲ ಚೆನ್ನಾಗಿ ಬರೆದಿದ್ದಾರೆ. ಮಾಟುಂಗದ ಹೋಟೆಲು, ಫೋರ್ಟಿನ ಆಫೀಸು, ಲೋಕಲ್ ರೈಲಿನ ಫಸ್ಟ್ ಕ್ಲಾಸು ಡಬ್ಬಿ, ಚಾಳಿನ ಮಹಡಿ ಮೆಟ್ಟಿಲು, ಇಷ್ಟೆಲ್ಲ ಇಟ್ಟುಕೊಂಡು ಒಬ್ಬ ಕನ್ನಡ ಪತ್ತೇದಾರ ಈ ಊರಿನಲ್ಲಿ ಮನೆಮಾತಾಗಲಿಲ್ಲವಲ್ಲ! ಎಚ್.ಆರ್.ಎಫ್. ಕೀಟಿಂಗ್ ಅನ್ನುವ ಇಂಗ್ಲಿಷಿನವರು 1964ರಲ್ಲಿ ಇನ್ಸ್‌ಪೆಕ್ಟರ್ ಘೋಟೆಯ ಮೊದಲ ಕಾದಂಬರಿ ಬರೆದಾಗ ಮುಂಬಯಿಯನ್ನು ಕಣ್ಣಿಂದ ನೋಡಿರಲಿಲ್ಲ, ಬಂದದ್ದು ಸುಮಾರು ಹತ್ತು ವರ್ಷ ಕಳೆದ ಮೇಲೆ. ನೋಡದವರು ಬರೆದರು, ನಲವತ್ತು ವರ್ಷ ಇದ್ದವರು ಬರೆಯಲಿಲ್ಲ. ಈಗ ಬೆಂಗಳೂರಿನ ಸರದಿ. ಇನ್ಸ್‌ಪೆಕ್ಟರ್ ಬೋರೇಗೌಡ ಅನ್ನುವ ಅಪ್ಪಟ ನಮ್ಮ ಹೆಸರಿನ ಪೊಲೀಸ್ 2012ರಲ್ಲಿ ಹುಟ್ಟಿದ್ದು ಅನಿತಾ ನಾಯರ್ ಅವರ ಇಂಗ್ಲಿಷ್ ಕಾದಂಬರಿಯಲ್ಲಿ. 1921ರ ಬೆಂಗಳೂರಿನಲ್ಲಿ ಸೀರೆಯುಟ್ಟು ಪತ್ತೆ ಮಾಡುವ ಕಾವೇರಿ 2022ರಲ್ಲಿ ಬಂದದ್ದು ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರ ಇಂಗ್ಲಿಷ್ ಸರಣಿಯಲ್ಲಿ. ಎರಡೂ ಓದಲೇಬೇಕಾದವು, ಅದರಲ್ಲೂ ಕಾವೇರಿ. ಆದರೆ ಓದುವಾಗ ಹೊಟ್ಟೆಯಲ್ಲಿ ಸಂಕಟ ಆಗದಿದ್ದರೆ ಹೇಳಿ.

ನಮ್ಮಲ್ಲಿ ಇನ್ನೊಂದು ಪಂಗಡವಿದೆ. ಮನೆಯಲ್ಲಿ ಅಗಾಥಾ ಕ್ರಿಸ್ಟಿಯ ಪೂರ್ತಿ ಸೆಟ್ ಇಟ್ಟಿರ್ತಾರೆ, ಸಂಘದಲ್ಲಿ ನರಸಿಂಹಯ್ಯನವರನ್ನು ಕಂಡರೆ ಮೂಗು ಮುರೀತಾರೆ. ಇಂಗ್ಲಿಷಿನಲ್ಲಿ ಕೊಲೆಯಾದರೆ ಕ್ಲಾಸಿಕ್, ಕನ್ನಡದಲ್ಲಿ ಕೊಲೆಯಾದರೆ ಟೈಂಪಾಸು! ಕ್ರಿಸ್ಟಿ ಬೇಡ ಅನ್ನಲಾರೆ. ಪೊಯ್ರೋನ ಮೂವತ್ತಮೂರು ಕಾದಂಬರಿಗಳಿವೆ, ಮಿಸ್ ಮಾರ್ಪಲ್‌ಳದು ಹನ್ನೆರಡು. ಪೊಯ್ರೋ ಯಾರು? ಮೊದಲನೇ ಮಹಾಯುದ್ಧದಲ್ಲಿ ಊರು ಬಿಟ್ಟು ಇಂಗ್ಲೆಂಡಿಗೆ ಬಂದ ಬೆಲ್ಜಿಯಮ್ಮಿನವನು. ಎಲ್ಲರೂ ಅವನನ್ನು ಫ್ರೆಂಚರವನು ಅಂತ ತಿಳೀತಾರೆ, ಅವನು ಪ್ರತಿ ಸಲ ಅಲ್ಲ, ಬೆಲ್ಜಿಯಂ ಅಂತ ತಿದ್ದುತ್ತಾನೆ. ದಾದರಿನಲ್ಲಿ, ಕರೋಲ್ ಬಾಗಿನಲ್ಲಿ 'ಮದ್ರಾಸಿ' ಅನ್ನಿಸಿಕೊಂಡ ಕನ್ನಡಿಗನಿಗೆ ಅವನ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ನಿವೃತ್ತರಾಗಿ ರಾತ್ರಿ ನಿದ್ದೆ ಬಾರದವರಿಗೆ ಸಿಮೆನಾನ್‌ನ ಇನ್ಸ್‌ಪೆಕ್ಟರ್ ಮೇಗ್ರೆ. ಎಪ್ಪತ್ತೈದು ಕಾದಂಬರಿ, ಒಂದೊಂದೂ ತೆಳ್ಳಗೆ. ಕೊಲೆಗಾರ ಯಾರು ಅನ್ನುವುದಕ್ಕಿಂತ ಪಾಪ, ಯಾಕೆ ಮಾಡಿದ ಅನ್ನುವ ಪ್ರಶ್ನೆ ಅಲ್ಲಿ ದೊಡ್ಡದು.

ಕೊಲೆ-ದರೋಡೆ ಓದಿ ಮಕ್ಕಳು ಕೆಡ್ತಾರೆ ಅನ್ನುವ ಆಕ್ಷೇಪಣೆಗೆ ಹೆಚ್ಚು ಹೊತ್ತು ಖರ್ಚು ಮಾಡಲಾರೆ. ಅದೇ ಮಕ್ಕಳು ಮೊಬೈಲಿನಲ್ಲಿ ಏನು ನೋಡ್ತಿವೆ ಅಂತ ಒಮ್ಮೆ ಇಣುಕಿ. ಪತ್ತೇದಾರಿಯಲ್ಲಿ ಕೊನೆಗೆ ಲೆಕ್ಕ ತಾಳೆಯಾಗಲೇಬೇಕು. ಬ್ಯಾಂಕಿನಲ್ಲಿ ನಮಗೆ ಸಸ್ಪೆನ್ಸ್ ಅಕೌಂಟ್ ಅಂತ ಒಂದು ಇರ್ತಿತ್ತು, ಎಲ್ಲಿಗೆ ಸೇರಬೇಕು ಅಂತ ಗೊತ್ತಾಗದ ಎಂಟ್ರಿಗಳನ್ನು ಅಲ್ಲಿ ಹಾಕಿಡೋದು. ಇನ್‌ಸ್ಪೆಕ್ಷನ್‌ಗೆ ಬಂದವರು ಮೊದಲು ಕೇಳ್ತಿದ್ದದ್ದು ಅದನ್ನೇ: ಇದು ಯಾಕೆ ಇನ್ನೂ ಇಲ್ಲಿದೆ, ಯಾವ ತಾರೀಖಿನದು, ಯಾರ ಸಹಿ? ಒಳ್ಳೆ ಪತ್ತೇದಾರಿ ಓದುವ ಹುಡುಗ ಹೀಗೆ ಪ್ರಶ್ನೆ ಕೇಳಲು ಕಲಿತರೆ ಯಾರಿಗೆ ನಷ್ಟ?

ಈಗ ಕೆಲಸದ ಮಾತು. ಹೊರನಾಡ ಕನ್ನಡಿಗನ ಕೈಯಲ್ಲಿ ಊರಿನವರ ಹತ್ತಿರ ಇಲ್ಲದ ಆಸ್ತಿ ಒಂದಿದೆ, ಇನ್ನೊಂದು ಭಾಷೆ. ಹತ್ತೊಂಬತ್ತನೇ ಶತಮಾನದಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು. ಆಗ ಸೌಕರ್ಯ ಏನಿತ್ತು? ಇವತ್ತು ಚೆನ್ನೈನಲ್ಲಿ ಮೂವತ್ತು ವರ್ಷ ಇದ್ದು ತಮಿಳು ಪೇಪರು ಓದುವವರು ಸುಜಾತಾ ಅವರನ್ನು ಯಾಕೆ ತರಬಾರದು? ಮರಾಠಿಯಲ್ಲಿ ಬಾಬುರಾವ್ ಅರ್ನಾಳ್ಕರ್ ಸಾವಿರಕ್ಕೂ ಮೇಲೆ ರಹಸ್ಯಕಥೆ ಬರೆದಿದ್ದಾರೆ, ಗಿರಗಾಂವ್‌ನವರು ಒಂದು ಹತ್ತನ್ನಾದರೂ ಆರಿಸಿ ಕೊಡಿ. ದೆಹಲಿಯವರಿಗೆ ಸುರೇಂದ್ರ ಮೋಹನ್ ಪಾಠಕ್ ಇದ್ದಾರೆ, ಟೆಲಿಫೋನ್ ಕಾರ್ಖಾನೆಯ ನೌಕರಿ ಮಾಡಿಕೊಂಡೇ ಹಿಂದಿಯಲ್ಲಿ ಸುನಿಲ್ ಸರಣಿ ಬರೆದವರು. ಸಂಘಗಳು ಸ್ಮರಣ ಸಂಚಿಕೆಗೆ, ಶಾಲು-ಹಾರಕ್ಕೆ ಮಾಡುವ ಖರ್ಚಿನಲ್ಲಿ ವರ್ಷಕ್ಕೆ ಒಂದು ಅನುವಾದ ಅಚ್ಚಾಗುತ್ತೆ. ಹಕ್ಕಿನ ವಿಷಯ ಮಾತ್ರ ಸರಿಯಾಗಿ ನೋಡಿಕೊಳ್ಳಬೇಕು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ ಅರವತ್ತು ವರ್ಷ. ಶರದಿಂದು ಹೋದದ್ದು 1970ರಲ್ಲಿ, ಹಾಗಾಗಿ 2030ರ ಕೊನೆಯ ತನಕ ಅನುಮತಿ ಬೇಕೇ ಬೇಕು.

ನಾನು ಕೋಲ್ಕತ್ತದ ಟ್ರಾನ್ಸ್‌ಫರಿನಲ್ಲಿ ನಾಲ್ಕು ವರ್ಷ ಇದ್ದಾಗ ಬಂಗಾಳಿ ಅಕ್ಷರ ಕೂಡಿಸಿ ಓದುವುದು ಕಲಿತಿದ್ದೆ. ಬ್ಯೋಮಕೇಶನ ಕಥೆಗಳಲ್ಲಿ 'ಶೈಲ ರಹಸ್ಯ' ಅಂತ ಒಂದಿದೆ, ಅವನು ಮಹಾಬಳೇಶ್ವರಕ್ಕೆ ಹೋಗಿ ಅಲ್ಲಿಂದ ಅಜಿತನಿಗೆ ಬರೆಯುವ ಪತ್ರದ ರೂಪದಲ್ಲಿ. ಚಳಿಗಾಲದ ಖಾಲಿ ಊರು, ಒಂದು ಹೋಟೆಲು, ಸ್ವಲ್ಪ ದೆವ್ವದ ವಾಸನೆ. ಪುಣೆ-ಮುಂಬಯಿಯವರು ಮೊದಲು ಓದಬೇಕಾದದ್ದು ಅದು. ನನ್ನ ಅಭ್ಯಾಸಕ್ಕೆ ಅಂತ ಅರ್ಧದಷ್ಟು ಕನ್ನಡ ಮಾಡಿದ್ದೇನೆ, ಬಂಗಾಳಿ ಚೆನ್ನಾಗಿ ಬಲ್ಲವರು ಯಾರಾದರೂ ತಿದ್ದಿಕೊಡುವುದಾದರೆ ಮಿಕ್ಕದ್ದನ್ನೂ ಮಾಡುವೆ.

ವಿಲೇವಾರಿಯಾದ ಪುಸ್ತಕಗಳನ್ನು ರದ್ದಿಯವನು ಕೊಡುತ್ತಿದ್ದ ರೇಟಿಗಿಂತ ಕಿಲೋಗೆ ಎರಡು ರೂಪಾಯಿ ಜಾಸ್ತಿ ಕೊಟ್ಟು ನಾನೇ ತಂದೆ. ಎರಡು ಟ್ರಂಕಿನಲ್ಲಿ ನಮ್ಮ ಮನೆಯ ಬಾಲ್ಕನಿಯಲ್ಲಿವೆ. ಶನಿವಾರ ಸಂಜೆ ಐದರ ಮೇಲೆ ಯಾರು ಬೇಕಾದರೂ ಬಂದು ತಗೊಂಡು ಹೋಗಬಹುದು. ಒಬ್ಬರಿಗೆ ಎರಡು ಪುಸ್ತಕ, ಹದಿನೈದು ದಿನ, ರಿಜಿಸ್ಟರಿನಲ್ಲಿ ಸಹಿ ಮಾಡಬೇಕು.